ದಾರಿ ಬಂದರೆ ಸಾಲದು: ಮತ್ತೋಡು ಸೀಮೆಯ ಸಾರಿಗೆ, ಇಂಧನ, ಗಳಿಕೆ

ರಸ್ತೆ ಬಂದರೆ ಊರು ಉದ್ಧಾರವಾಗುತ್ತದೆ ಎಂಬ ಮಾತನ್ನು ನಮ್ಮಲ್ಲಿ ಯಾರೂ ತಕರಾರು ಮಾಡುವುದಿಲ್ಲ. ಮತ ಕೇಳಲು ಬಂದವರು ಮೊದಲು ಕೊಡುವ ಭರವಸೆ ರಸ್ತೆ, ಊರಿನವರು ಮೊದಲು ಮುಂದಿಡುವ ಬೇಡಿಕೆಯೂ ಅದೇ. ಆದರೆ ಈ ವಿಷಯದಲ್ಲಿ ಅರ್ಥಶಾಸ್ತ್ರಜ್ಞರ ನಡುವೆ ಮಾತ್ರ ಇವತ್ತಿಗೂ ಒಮ್ಮತವಿಲ್ಲ. ಸಾರಿಗೆಯೇ ಸಂಪತ್ತಿನ ತಾಯಿಬೇರು ಎನ್ನುವವರು ಒಂದು ಕಡೆ. ಸಂಪತ್ತು ಹುಟ್ಟಿದ ಮೇಲೆ ದಾರಿ ತಾನಾಗಿ ಹಿಂಬಾಲಿಸುತ್ತದೆ ಎನ್ನುವವರು ಇನ್ನೊಂದು ಕಡೆ. ಬಡ ಪ್ರದೇಶಕ್ಕೆ ಒಳ್ಳೆಯ ದಾರಿ ಬಂದರೆ ಅಲ್ಲಿದ್ದ ಕಸುಬೂ ಹಣವೂ ಅದೇ ದಾರಿ ಹಿಡಿದು ಹೊರಗೆ ಹೋಗುತ್ತವೆ ಎಂದು ಎಚ್ಚರಿಸುವವರು ಮೂರನೆಯವರು.

ಈ ಮೂರೂ ವಾದಗಳನ್ನು ಒಂದೇ ನೆಲದ ಮೇಲಿಟ್ಟು ನೋಡಬೇಕಾದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಡುವಿನ ಬಯಲುಸೀಮೆಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಇಲ್ಲಿ ನೂರಮೂವತ್ತು ವರ್ಷ ದಾಟಿದ ರೈಲು ಮಾರ್ಗವಿದೆ, ದೇಶದ ಎರಡು ಮಹಾನಗರಗಳನ್ನು ಜೋಡಿಸುವ ಹೆದ್ದಾರಿಯಿದೆ, ಅದಿರು ತೆಗೆಯುವ ಗಣಿಗಳಿವೆ, ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳಿವೆ. ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಮತ್ತೋಡು ಈ ಎಲ್ಲದರ ನಡುವೆ ಕೂತಿರುವ ಊರು. ಒಂದು ಕಾಲಕ್ಕೆ ಅದು ದೊಡ್ಡ ರಸ್ತೆಯಿಲ್ಲದೆಯೂ ಹೊರಗಿನವರ ಗಮನ ಸೆಳೆದಿತ್ತು.

ಕುಲುಮೆ ಮತ್ತು ಕಾವಲು

ಟಿಪ್ಪುವಿನ ಪತನದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಕಂಡದ್ದನ್ನೆಲ್ಲ ಬರೆದಿಟ್ಟ. ಆ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಮತ್ತೋಡಿನ ಗಾಜಿನ ಕುಲುಮೆಗಳ ವಿವರ ಅದರಲ್ಲಿದೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಇಲ್ಲಿ ತಯಾರಾಗುತ್ತಿತ್ತು, ಆ ಗಾಜಿನಿಂದ ಹೆಂಗಸರ ಕೈಬಳೆ ಆಗುತ್ತಿತ್ತು. ಕಚ್ಚಾ ಸಾಮಗ್ರಿ ದೂರದಿಂದ ಬರಬೇಕಿರಲಿಲ್ಲ. ನೆಲದ ಚೌಳು, ಪುಡಿ ಮಾಡಿದ ಬೆಣಚುಕಲ್ಲು, ಕುಲುಮೆಗೆ ಸೌದೆ, ಎಲ್ಲವೂ ಕೈಗೆಟುಕುವಲ್ಲೇ ಇದ್ದವು. ಬೆಳೆಗೆ ಬಾರದ ಚೌಳು ನೆಲವೇ ಇಲ್ಲಿ ಬಂಡವಾಳ. ಬಳೆ ಹಗುರ, ಬೆಲೆಗೆ ಹೋಲಿಸಿದರೆ ಭಾರ ಕಡಿಮೆ, ಬಳೆಗಾರನ ಹೆಗಲಲ್ಲೇ ಊರೂರು ಸುತ್ತಬಲ್ಲ ಸರಕು. ಸಾಗಣೆ ದುಬಾರಿಯಾಗಿದ್ದ ಕಾಲದಲ್ಲಿ ಒಳನಾಡಿನ ಊರೊಂದು ಗಳಿಸುತ್ತಿದ್ದ ಬಗೆ ಇದು. ಭಾರದ ವಸ್ತುವನ್ನು ಇದ್ದಲ್ಲೇ ಕರಗಿಸಿ ಹಗುರ ಮಾಡಿದ ಮೇಲಷ್ಟೇ ಹೊರಗೆ ಕಳಿಸುತ್ತಿದ್ದರು.

ಆ ಕಾಲದ ಸಾರಿಗೆಗೆ ಇಂಧನ ಹುಲ್ಲು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟ. ಫಿರಂಗಿ ಮತ್ತು ಸಾಮಾನು ಎಳೆಯುವ ಎತ್ತುಗಳ ಸರ್ಕಾರಿ ಖಾತೆ ಅದು. ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ಮುಟ್ಟಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಈ ದನಗಳಿಗೆಂದೇ ಕಾದಿಟ್ಟ ಹುಲ್ಲುಗಾವಲುಗಳು, ಅಂದರೆ ಕಾವಲುಗಳು, ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು ಸೀಮೆಯಲ್ಲಿ ಹರಡಿದ್ದವು. ಹೊಸದುರ್ಗದ ಪಕ್ಕದ ಅಜ್ಜಂಪುರದಲ್ಲಿ ಇಂದಿಗೂ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಇಂದಿನ ಪೆಟ್ರೋಲ್ ಬಂಕಿನ ಕೆಲಸವನ್ನು ಅಂದು ಕಾವಲು ಮಾಡುತ್ತಿತ್ತು. ವ್ಯತ್ಯಾಸವೆಂದರೆ ಆ ಇಂಧನ ಇದೇ ನೆಲದಲ್ಲಿ ಬೆಳೆಯುತ್ತಿತ್ತು.

ಬರ ಕಲಿಸಿದ ಪಾಠ

ನೆಲದಲ್ಲಿ ಬೆಳೆಯುವ ಇಂಧನಕ್ಕೆ ಒಂದು ಅಪಾಯವಿದೆ, ಮಳೆ ಹೋದರೆ ಅದೂ ಹೋಗುತ್ತದೆ. 1876–78ರ ಬರದಲ್ಲಿ ಆದದ್ದು ಇದೇ. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಮದರಾಸಿನಿಂದ ಧಾನ್ಯ ಅಲ್ಲಿಯವರೆಗೆ ಬರಬಹುದಿತ್ತು. ಮುಂದೆ ತುಮಕೂರು, ಚಿತ್ರದುರ್ಗದ ಕಡೆಗೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಹಸಿದ ಊರಿಗೆ ಕಾಳು ಬೇಕಾದ ಹೊತ್ತಿಗೇ ಕಾಳು ಹೊರುವ ಶಕ್ತಿಯೂ ಬತ್ತಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷದ ಒಳಗೆ ಇಳಿಯಿತು.

ಸಂಸ್ಥಾನದಲ್ಲಿ ರೈಲು ಕಟ್ಟುವ ಅವಸರ ಹುಟ್ಟಿದ್ದು ಈ ಬರದಿಂದ. ಬೆಂಗಳೂರು–ಮೈಸೂರು ಮಾರ್ಗದ ಕೆಲಸ ಬರ ಪರಿಹಾರ ಕಾಮಗಾರಿಯಾಗಿ ಶುರುವಾಯಿತು. ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಮಾರ್ಗ 1884ರಲ್ಲಿ ತುಮಕೂರು ಸೀಮೆ ಸೇರಿ, 1889ರ ಹೊತ್ತಿಗೆ ಬೀರೂರು, ಅಜ್ಜಂಪುರದ ಮೇಲೆ ಹರಿಹರ ಮುಟ್ಟಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಮಾರ್ಗ ಬಂದದ್ದು 1921ರಲ್ಲಿ. ವಸಾಹತು ಕಾಲದ ರೈಲನ್ನು ಅಂಕಿ ಅಂಶ ಹಿಡಿದು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್, ರೈಲು ಮುಟ್ಟಿದ ಜಿಲ್ಲೆಗಳ ಕೃಷಿ ಆದಾಯ ಸುಮಾರು ಶೇ 16ರಷ್ಟು ಏರಿತೆಂದು 2018ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದಾರೆ. ರಾಬಿನ್ ಬರ್ಜೆಸ್ ಜೊತೆ ಅವರು ನಡೆಸಿದ ಇನ್ನೊಂದು ಅಧ್ಯಯನದ ಪ್ರಕಾರ, ರೈಲು ಬಂದ ಮೇಲೆ ಮಳೆ ಕೈಕೊಟ್ಟ ವರ್ಷಗಳು ಕ್ಷಾಮವಾಗಿ ತಿರುಗುವುದು ತಗ್ಗಿತು. ಬಯಲುಸೀಮೆಗೆ ಇದು ಸಣ್ಣ ವರವಲ್ಲ.

ಎದುರು ವಾದವೂ ಗಟ್ಟಿಯಾಗಿಯೇ ಇದೆ. ರೈಲಿಲ್ಲದಿದ್ದರೂ ಕಾಲುವೆ ಮತ್ತು ಗಾಡಿಯ ಮೇಲೆ ಅಮೆರಿಕ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತಿತ್ತು ಎಂದು 1964ರಲ್ಲಿ ವಾದಿಸಿದ ರಾಬರ್ಟ್ ಫೋಗೆಲ್‌ಗೆ ಮುಂದೆ 1993ರಲ್ಲಿ ನೊಬೆಲ್ ಬಂತು. ಆದರೆ ಅಮೆರಿಕಕ್ಕೆ ದೊಡ್ಡ ನದಿಗಳಿದ್ದವು. ಚಿತ್ರದುರ್ಗ ಸೀಮೆಗೆ ಇದ್ದದ್ದು ಬೇಸಿಗೆಯಲ್ಲಿ ಒಣಗುವ ವೇದಾವತಿ. ದೋಣಿ ತೇಲದ ನಾಡಿನಲ್ಲಿ ಫೋಗೆಲ್ ಲೆಕ್ಕ ನಡೆಯುವುದಿಲ್ಲ.

ರೈಲು ಕಾಳು ತಂದ ಹಾಗೆ ಕಾರ್ಖಾನೆಯ ಸರಕನ್ನೂ ತಂದಿತು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮಧ್ಯ ಯುರೋಪಿನ ಬೊಹೀಮಿಯಾದ ಗಾಜಿನ ಬಳೆ ಹಡಗಿನಲ್ಲಿ ಬಂದು, ರೈಲಿನಲ್ಲಿ ಒಳನಾಡು ಸೇರತೊಡಗಿತು. ಆಮೇಲೆ ಬಳೆ ಪೇಟೆ ಫಿರೋಜಾಬಾದಿನ ಕೈಗೆ ಹೋಯಿತು. ಸಾಗಣೆ ದುಬಾರಿಯಾಗಿದ್ದಷ್ಟು ಕಾಲ ಮತ್ತೋಡಿನಂಥ ಊರಿನ ಕುಲುಮೆಗೆ ಇದ್ದ ರಕ್ಷಣೆ ಸಾಗಣೆ ಅಗ್ಗವಾದೊಡನೆ ಕಳಚಿತು. ಸೌದೆ ಸುಟ್ಟು ಕರಗಿಸುವ ಕುಲುಮೆ ಕಲ್ಲಿದ್ದಲ ಕುಲುಮೆಯ ಎದುರು ನಿಲ್ಲಲಾರದು. ಅದೇ ರೈಲು ಒಂದು ಕೈಯಿಂದ ಬರವನ್ನು ತಡೆಯಿತು, ಇನ್ನೊಂದು ಕೈಯಿಂದ ಕಸುಬನ್ನು ಕಸಿಯಿತು. ಮೊದಲ ಮತ್ತು ಮೂರನೆಯ ವಾದಗಳೆರಡೂ ಇಲ್ಲಿ ಒಟ್ಟಿಗೇ ನಿಜ.

ಹೆದ್ದಾರಿಯ ಹತ್ತು ಕಿಲೋಮೀಟರ್

ಸ್ವಾತಂತ್ರ್ಯದ ನಂತರ ಲಾರಿ ಗೆದ್ದಿತು. 1951ರ ಸುಮಾರಿಗೆ ದೇಶದ ಸರಕಿನಲ್ಲಿ ಎಂಟಾಣೆಗಿಂತ ಬಹಳ ಹೆಚ್ಚು ಪಾಲು ರೈಲಿನದಾಗಿತ್ತು. ಈಗ ಅದು ಶೇ 27ರ ಆಸುಪಾಸಿಗೆ ಇಳಿದಿದೆ. 2030ರ ವೇಳೆಗೆ ಶೇ 45ಕ್ಕೆ ಏರಿಸುವುದು ರಾಷ್ಟ್ರೀಯ ರೈಲು ಯೋಜನೆಯ ಗುರಿ. ಈ ನಡುವೆ ಸುವರ್ಣ ಚತುಷ್ಪಥ ಬಂತು. ಚೆನ್ನೈ–ಮುಂಬೈ ಭಾಗದ ಹಾದಿ, ಹಿಂದಿನ ಎನ್‌ಎಚ್ 4, ಈಗಿನ 48, ಹಿರಿಯೂರು ಮತ್ತು ಚಿತ್ರದುರ್ಗವನ್ನು ಹಾಯುತ್ತದೆ. ಹಿರಿಯೂರಿನಲ್ಲಿ ಜೇವರ್ಗಿ–ಚಾಮರಾಜನಗರ ಹೆದ್ದಾರಿ ಇದನ್ನು ಅಡ್ಡ ದಾಟುತ್ತದೆ, ಚಿತ್ರದುರ್ಗದಿಂದ ಹೊಸಪೇಟೆ, ಸೊಲ್ಲಾಪುರದ ಕಡೆಗೆ ಇನ್ನೊಂದು ಕವಲೊಡೆಯುತ್ತದೆ. ಭೂಪಟ ನೋಡಿದರೆ ರಾಜ್ಯದ ನಡುಗಂಬವೇ ಇಲ್ಲಿದೆ ಎನ್ನಿಸಬೇಕು.

ಈ ಹೆದ್ದಾರಿ ಏನು ಮಾಡಿತು? ಎಜಾಜ್ ಘನಿ, ಆರ್ತಿ ಗೋಸ್ವಾಮಿ, ವಿಲಿಯಂ ಕೆರ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಚತುಷ್ಪಥದುದ್ದಕ್ಕೂ ಕಾರ್ಖಾನೆಗಳ ಲೆಕ್ಕ ತೆಗೆದಿದೆ. ಹೆದ್ದಾರಿಯಿಂದ ಹತ್ತು ಕಿಲೋಮೀಟರ್ ಒಳಗಿನ ಜಿಲ್ಲೆಗಳಲ್ಲಿ ಹೊಸ ಕಾರ್ಖಾನೆ, ಉತ್ಪಾದನೆ ಎರಡೂ ಹೆಚ್ಚಿದವು, ಅದರಾಚೆಗೆ ಆ ಫಲ ಕಾಣಲಿಲ್ಲ. ಲಾಭ ಹೆಚ್ಚಾಗಿ ಹೋದದ್ದು ಮೊದಲೇ ಸ್ವಲ್ಪ ಮಟ್ಟಿಗೆ ಕೈಗಾರಿಕೆಯಿದ್ದ ಮಧ್ಯಮ ಜಿಲ್ಲೆಗಳಿಗೆ. ಹೊಸದುರ್ಗ, ಮತ್ತೋಡು ಹೆದ್ದಾರಿಯಿಂದ ಹತ್ತು ಕಿಲೋಮೀಟರಿಗಿಂತ ಬಹಳ ದೂರ. ಹೆದ್ದಾರಿಯ ಮೇಲೇ ಇರುವ ಹಿರಿಯೂರಿನಲ್ಲೂ ವಾಣಿ ವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿತು. ವೇದಾವತಿಗೆ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ 30 ಟಿಎಂಸಿಯ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರೇ ನಂಬಿಕೆಯಿಲ್ಲದ ಕಡೆ ಕಬ್ಬು ನಂಬಿದ ಕಾರ್ಖಾನೆಯನ್ನು ಹೆದ್ದಾರಿ ಉಳಿಸಲಾರದು.

ಹಳ್ಳಿ ರಸ್ತೆಗಳ ಕತೆ ಇನ್ನೂ ಕಣ್ಣು ತೆರೆಸುವಂಥದ್ದು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಪರಿಣಾಮವನ್ನು ಸ್ಯಾಮ್ ಆ್ಯಶರ್ ಮತ್ತು ಪಾಲ್ ನೊವೊಸಾಡ್ 2020ರಲ್ಲಿ ಅಳೆದರು. ಡಾಂಬರು ರಸ್ತೆ ಬಂದ ಹಳ್ಳಿಗಳಲ್ಲಿ ಬೆಳೆ, ಆಸ್ತಿ, ವರಮಾನ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಬದಲಾದದ್ದು ಜನರ ಓಡಾಟ. ಹೊಲ ಬಿಟ್ಟು ಹೊರಗೆ ಕೂಲಿಗೆ ಹೋಗುವವರು ಹೆಚ್ಚಿದರು. ಬಯಲುಸೀಮೆಯವರಿಗೆ ಇದು ಹೊಸ ಸುದ್ದಿಯೇನಲ್ಲ. ಮಳೆ ಹೋದ ವರ್ಷ ಬೆಂಗಳೂರಿನ ಬಸ್ಸು ಹತ್ತುವುದು ಇಲ್ಲಿನ ಬಹಳ ಮನೆಗಳ ವಾಡಿಕೆ. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಹೆಂಗಸರ ಟಿಕೆಟ್ ಖರ್ಚನ್ನು ತೆಗೆದು ತಾಲ್ಲೂಕು ಕೇಂದ್ರದ ಕೆಲಸ, ಕಾಲೇಜು, ಆಸ್ಪತ್ರೆಯನ್ನು ಹತ್ತಿರ ಮಾಡಿತು. ಇದು ನಿಜವಾದ ಗಳಿಕೆ. ಆದರೆ ದುಡಿಯಲು ಹೊರಗೆ ಹೋಗುವ ಅನುಕೂಲ ಬೇರೆ, ಊರಲ್ಲೇ ದುಡಿಮೆ ಹುಟ್ಟುವುದು ಬೇರೆ.

ಒಂದು ಲೋಡಿನ ಲೆಕ್ಕ

ಚಿತ್ರದುರ್ಗ ಜಿಲ್ಲೆ ಮಳೆಯಾಶ್ರಿತ ಈರುಳ್ಳಿಗೆ ಹೆಸರಾದದ್ದು. ಸುಗ್ಗಿಯಲ್ಲಿ ಲೋಡು ಯಶವಂತಪುರದ ಮಂಡಿಗೆ ಹೊರಡುತ್ತದೆ. ಹೊಸದುರ್ಗದ ಕಡೆಯಿಂದ ಸುಮಾರು 200 ಕಿಲೋಮೀಟರ್. ಹತ್ತು ಟನ್ ಹೇರಿದ ಲಾರಿ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ ಹೋಗಲು 40ರಿಂದ 50 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯ ಆಸುಪಾಸಿನಲ್ಲಿ ಇದು ನಾಲ್ಕು ಸಾವಿರ ರೂಪಾಯಿ. ಐವತ್ತು ಕಿಲೋ ತೂಗುವ 200 ಚೀಲಕ್ಕೆ ಹಂಚಿದರೆ ಚೀಲಕ್ಕೆ 20 ರೂಪಾಯಿ, ಗಾಡಿ ಖಾಲಿ ವಾಪಸಾದರೆ ಹತ್ತಿರ ಹತ್ತಿರ 40. ಇದರ ಮೇಲೆ ಚಾಲಕನ ಬತ್ತೆ, ಟೋಲ್, ಟೈರು, ಎರಡು ಕಡೆ ಹಮಾಲಿ. ಕಿಲೋಗೆ 30 ರೂಪಾಯಿ ಸಿಕ್ಕ ವರ್ಷ ಚೀಲಕ್ಕೆ 1500 ಬರುತ್ತದೆ, ಡೀಸೆಲ್ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಕಿಲೋ ಐದು ರೂಪಾಯಿಗೆ ಇಳಿದ ವರ್ಷ ಚೀಲಕ್ಕೆ 250, ಗಾಡಿ ಖಾಲಿ ವಾಪಸಾದರೆ ಅದರಲ್ಲಿ ಸುಮಾರು ಆರನೇ ಒಂದು ಪಾಲು ಬರೀ ಇಂಧನಕ್ಕೆ. ಬಾಡಿಗೆಯೂ ಹುಟ್ಟದೆಂದು ರೈತರು ಈರುಳ್ಳಿಯನ್ನು ಹೊಲದಲ್ಲೇ ಬಿಡುವುದು ಇಂಥ ವರ್ಷಗಳಲ್ಲಿ.

ಸಾಗಣೆಯ ಭಾರ ಬಡ ಸರಕಿನ ಮೇಲೆ ಹೆಚ್ಚು ಬೀಳುತ್ತದೆ ಎಂಬುದು ಈ ಲೆಕ್ಕದ ತಿರುಳು. ಅದೇ ಲಾರಿಯಲ್ಲಿ ಅಡಿಕೆಯೋ ಕೊಬ್ಬರಿಯೋ ಹೋದರೆ ಡೀಸೆಲ್ ಖರ್ಚು ಬೆಲೆಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅಡಿಕೆಗೆ ಹತ್ತಿರದಲ್ಲೇ ಭೀಮಸಮುದ್ರದಂಥ ವ್ಯಾಪಾರ ಕೇಂದ್ರವಿದೆ, ಸುಲಿಯುವುದು, ಬೇಯಿಸುವುದು, ವಿಂಗಡಿಸುವುದು ಈ ಸೀಮೆಯಲ್ಲೇ ನಡೆಯುತ್ತದೆ. ಈರುಳ್ಳಿ ಹೊಲದಿಂದ ಕಿತ್ತ ಹಾಗೇ ಹೋಗುತ್ತದೆ. ಮತ್ತೋಡಿನ ಬಳೆ ಬೆಲೆಯಾಗಿ ಹೊರಟಿತ್ತು, ಈರುಳ್ಳಿ ಭಾರವಾಗಿ ಹೊರಡುತ್ತದೆ. ದೇಶದ ಸಾಗಣೆ ವೆಚ್ಚ ಜಿಡಿಪಿಯ ಶೇ 13–14 ಎಂದು ಬಹುಕಾಲ ಹೇಳಲಾಗುತ್ತಿತ್ತು. 2023ರಲ್ಲಿ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ನಡೆಸಿದ ಅಂದಾಜು ಅದನ್ನು ಶೇ 8–9ರ ಸುತ್ತ ಇಟ್ಟಿದೆ. ಸರಾಸರಿ ಎಷ್ಟೇ ಇರಲಿ, ಚೀಲದ ಮೇಲಿನ ಆರನೇ ಒಂದು ಪಾಲು ಸರಾಸರಿಯಲ್ಲಿ ಕಾಣಿಸುವುದಿಲ್ಲ.

ಅದಿರು ಹೋದ ದಾರಿ

ಭಾರವಾಗಿಯೇ ಹೊರಗೆ ಹೋದ ಇನ್ನೊಂದು ಸರಕು ಕಬ್ಬಿಣದ ಅದಿರು. ಚೀನಾದ ಬೇಡಿಕೆ ಏರಿದ ವರ್ಷಗಳಲ್ಲಿ ಅದಿರು ಲಾರಿಗಳು ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ರಸ್ತೆಗಳನ್ನು ಅರೆದು ಹಾಕಿದವು, ಹೊಲಗಳ ಮೇಲೆ ಕೆಂಪು ದೂಳು ಕೂತಿತು. 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ, ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಮಿತಿ ಹಾಕಿ ಹಂತ ಹಂತವಾಗಿ ಬಿಟ್ಟಿತು. ಸಾರಿಗೆ ಇದ್ದದ್ದರಿಂದಲೇ ಅದಿರಿಗೆ ಬೆಲೆ ಬಂತು, ನಿಜ. ರಸ್ತೆ ದುರಸ್ತಿ, ದೂಳು, ರೋಗದ ವೆಚ್ಚವನ್ನು ಮಾತ್ರ ಬಾಡಿಗೆಯಲ್ಲಿ ಯಾರೂ ಸೇರಿಸಿರಲಿಲ್ಲ. ಆ ಬಾಕಿ ತೀರಿಸಲೆಂದು ಮೂರು ಜಿಲ್ಲೆಗಳಿಗೆ ರೂಪಿಸಿದ ಪುನಶ್ಚೇತನ ಯೋಜನೆಯ ಗಾತ್ರ ಸುಮಾರು 25,000 ಕೋಟಿ ರೂಪಾಯಿ, ಅದನ್ನು ನಡೆಸಲು ಪ್ರತ್ಯೇಕ ನಿಗಮವೇ ಇದೆ. ಸಾಗಣೆಯ ಪೂರ್ತಿ ಬೆಲೆಯನ್ನು ಆಗಿಂದಾಗ್ಗೆ ವಸೂಲು ಮಾಡದಿದ್ದರೆ ಮುಂದಿನ ತಲೆಮಾರು ಎಷ್ಟು ಕಟ್ಟಬೇಕಾಗುತ್ತದೆ ಎಂಬುದಕ್ಕೆ ಈ ಮೊತ್ತವೇ ಸಾಕ್ಷಿ.

ಗುಡ್ಡದ ಮೇಲೆ ಗಾಳಿ, ಕೆಳಗೆ ಡೀಸೆಲ್

ಜೋಗಿಮಟ್ಟಿಯ ಸಾಲಿನಿಂದ ಹಿಡಿದು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಗುಡ್ಡಗಳವರೆಗೆ ಗಾಳಿಯಂತ್ರಗಳು ನಿಂತಿವೆ. ಜನರ ಬಾಯಲ್ಲಿ ಅವು 'ಫ್ಯಾನು'. ಕರ್ನಾಟಕದ ಗಾಳಿವಿದ್ಯುತ್ ಸಾಮರ್ಥ್ಯ 7000 ಮೆಗಾವಾಟ್ ದಾಟಿದೆ, ಚಿತ್ರದುರ್ಗ ಅದರ ಮುಂಚೂಣಿ ಜಿಲ್ಲೆಗಳಲ್ಲಿ ಒಂದು. ಹಿರಿಯೂರಿನಲ್ಲಿ 400 ಕೆವಿ ವಿದ್ಯುತ್ ಉಪಕೇಂದ್ರವಿದೆ. ಒಂದು ಫ್ಯಾನು ನಿಲ್ಲಿಸುವುದೇ ಸಾರಿಗೆಯ ದೊಡ್ಡ ಕಸರತ್ತು. ಅರವತ್ತು ಮೀಟರ್ ದಾಟುವ ರೆಕ್ಕೆ ಒಂದೊಂದೇ ಉದ್ದನೆಯ ಟ್ರೈಲರ್ ಮೇಲೆ ಬರುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇರೆಯಾಗಿ ತಿರುಗಿಸಬೇಕು, ಮುಂದೆ ಒಬ್ಬ ಉದ್ದನೆಯ ಕೋಲಿನಿಂದ ವಿದ್ಯುತ್ ತಂತಿ ಎತ್ತಿ ಹಿಡಿಯಬೇಕು, ಎದುರಿನ ಗಾಡಿಗಳೆಲ್ಲ ಬದಿಗೆ ನಿಲ್ಲಬೇಕು. ಗುಡ್ಡ ಹತ್ತಲು ಹೊಸ ರಸ್ತೆಯನ್ನೇ ಕಡಿಯಬೇಕು. ಆ ರಸ್ತೆಗಳಿಂದ ಗುಡ್ಡದ ಹುಲ್ಲುಗಾವಲು ತುಂಡಾಯಿತೆಂಬ ದೂರೂ ಇದೆ.

ಈ ಸೀಮೆ ವಿದ್ಯುತ್ತನ್ನು ಹೊರಗೆ ಕಳಿಸುತ್ತದೆ, ಡೀಸೆಲ್ಲನ್ನು ಹೊರಗಿನಿಂದ ತರಿಸುತ್ತದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಆಮದು. ಲಾರಿಗೆ ತುಂಬಿಸಿದ ಪ್ರತಿ ಲೀಟರಿನ ಹಣದಲ್ಲಿ ಊರಲ್ಲಿ ಉಳಿಯುವುದು ಬಂಕಿನ ಕಮಿಷನ್ ಮಾತ್ರ. ಹುಲ್ಲಿನ ಕಾಲದಲ್ಲಿ ಇಂಧನದ ಖರ್ಚು ಇದೇ ನೆಲದಲ್ಲಿ ಸುತ್ತುತ್ತಿತ್ತು, ಅದರ ಅಪಾಯ ಬರ. ಡೀಸೆಲ್ ಕಾಲದಲ್ಲಿ ಬರದ ಭಯ ಹೋಯಿತು, ಹಣ ಸೋರತೊಡಗಿತು, ಬೆಲೆ ದೂರದ ಯುದ್ಧಗಳ ಕೈಗೆ ಹೋಯಿತು. ವಿದ್ಯುತ್ ಸಾರಿಗೆ ಬಂದರೆ ಎರಡೂ ಕಾಲದ ಒಳ್ಳೆಯದನ್ನು ಸೇರಿಸುವ ಅವಕಾಶ ಮೊದಲ ಸಲ ಸಿಗುತ್ತದೆ.

ಅದು ಆಗಲೇ ಶುರುವಾಗಿದೆ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ವಿದ್ಯುದೀಕರಣವಾಗಿದೆ, 2023ರ ಜೂನಿನಿಂದ ಧಾರವಾಡದ ವಂದೇ ಭಾರತ್ ಹೊಸದುರ್ಗ ರೋಡ್ ನಿಲ್ದಾಣವನ್ನು ನಿಲ್ಲದೆ ದಾಟುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಕಡಿಮೆ, ಅದೇ ಟನ್ನನ್ನು ಲಾರಿಗಿಂತ ಎಷ್ಟೋ ಕಡಿಮೆ ಶಕ್ತಿಯಲ್ಲಿ ರೈಲು ಒಯ್ಯುತ್ತದೆ. 2023ರಲ್ಲಿ ಕೆಎಸ್‌ಆರ್‌ಟಿಸಿ ಬೆಂಗಳೂರು–ದಾವಣಗೆರೆ ನಡುವೆ ವಿದ್ಯುತ್ ಬಸ್ಸು ಬಿಟ್ಟಿತು. ಆದರೆ ಇಂಧನವನ್ನು ಮಿತವಾಗಿ ಬಳಸುವ ಯಂತ್ರ ಬಂದರೆ ಒಟ್ಟು ಬಳಕೆ ಇಳಿಯುವ ಬದಲು ಏರುತ್ತದೆ ಎಂದು ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಲ್ಲೇ ಕಲ್ಲಿದ್ದಲ ಬಗ್ಗೆ ಎಚ್ಚರಿಸಿದ್ದ. ವಿದ್ಯುತ್ ವಾಹನಗಳೂ ಖಾಲಿ ವಾಪಸಾದರೆ ಉಳಿದ ಶಕ್ತಿ ಅಲ್ಲೇ ಸೋರಿಹೋಗುತ್ತದೆ.

ಉಳಿದಿರುವ ಪ್ರಶ್ನೆ

ಮುಂದಿನ ದೊಡ್ಡ ಬದಲಾವಣೆ ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ಮಾರ್ಗ. ಸುಮಾರು 190 ಕಿಲೋಮೀಟರಿನ ಈ ಯೋಜನೆಗೆ 2011–12ರಲ್ಲಿ ಮಂಜೂರಾತಿ ಸಿಕ್ಕಿತು. ಭೂಸ್ವಾಧೀನದಲ್ಲಿ ವರ್ಷಗಟ್ಟಲೆ ಕುಂಟಿ ಈಗ ಕೆಲಸ ನಡೆಯುತ್ತಿದೆ. ಶಿರಾ, ಹಿರಿಯೂರು ಇದರಿಂದ ಮೊದಲ ಸಲ ರೈಲು ನಕ್ಷೆಗೆ ಸೇರುತ್ತವೆ, ಬೆಂಗಳೂರಿನಿಂದ ದಾವಣಗೆರೆಗೆ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ಉಳಿಯುತ್ತದೆ. ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ಮಾರಿಕಣಿವೆಯ ಅಣೆಕಟ್ಟೆಯ ವಾಣಿ ವಿಲಾಸ ಸಾಗರಕ್ಕೆ ಬರತೊಡಗಿದೆ. ನೀರು ಬಂದರೆ ಬೆಳೆ ಹೆಚ್ಚುತ್ತದೆ, ಬೆಳೆ ಹೆಚ್ಚಿದರೆ ಲೋಡು ಹೆಚ್ಚುತ್ತದೆ. ಆ ಲೋಡು ಯಾವ ರೂಪದಲ್ಲಿ, ಯಾವ ಇಂಧನದಲ್ಲಿ ಹೊರಡಬೇಕು ಎಂಬುದನ್ನು ಈಗಲೇ ತೀರ್ಮಾನಿಸದಿದ್ದರೆ ಅದಿರಿನ ಕತೆ ತರಕಾರಿಯಲ್ಲಿ ಮರುಕಳಿಸುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಮೂರು ವಾದಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗಿಂತ ಯಾವುದು ಯಾವಾಗ ಸರಿ ಎಂಬುದೇ ಮುಖ್ಯ. ಪ್ರಾಣ ಉಳಿಸುವಲ್ಲಿ ಸಾರಿಗೆಗೆ ಸಮನಾದದ್ದಿಲ್ಲ, 1876ರ ಬರಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಗಳಿಕೆ ಹೆಚ್ಚಿಸುವ ವಿಷಯದಲ್ಲಿ ಮಾತ್ರ ಅದು ಎರಡು ಷರತ್ತುಗಳಿಗೆ ಕಟ್ಟುಬಿದ್ದಿದೆ. ಸರಕು ಹೊರಡುವ ಮೊದಲು ಊರಲ್ಲೇ ಬೆಲೆ ಏರಿಸಿಕೊಳ್ಳಬೇಕು, ಸಾಗಣೆಗೆ ಸುಡುವ ಇಂಧನದ ಹಣದಲ್ಲಿ ಒಂದು ಭಾಗವಾದರೂ ಊರಲ್ಲಿ ಉಳಿಯಬೇಕು. ಹೊಸ ಮಾರ್ಗದ ನಿಲ್ದಾಣಗಳ ಜೊತೆಗೇ ಗೋದಾಮು, ವಿಂಗಡಣೆ ಕಟ್ಟೆ, ಸರಕು ಹೇರುವ ಅಂಕಣಕ್ಕೆ ಜಾಗ ಕಾದಿಡಬೇಕು. ಹೊಸದುರ್ಗದಂಥ ತಾಲ್ಲೂಕು ಕೇಂದ್ರದಿಂದ ನಿಲ್ದಾಣದವರೆಗಿನ ಕೊನೆಯ ಕಿಲೋಮೀಟರುಗಳಿಗೆ ವಿದ್ಯುತ್ ಬಸ್ಸು, ವಿದ್ಯುತ್ ಸರಕು ಗಾಡಿ ಓಡಬೇಕು. ಅವುಗಳ ಚಾರ್ಜಿಂಗ್ ಕೇಂದ್ರ ಗುಡ್ಡದ ಮೇಲಿನ ಗಾಳಿವಿದ್ಯುತ್ತಿನಿಂದ ನಡೆಯುವಂತೆ ಒಪ್ಪಂದ ಆಗಬೇಕು. ಕಿಲೋಮೀಟರಿಗೆ ಎಷ್ಟು ಕೋಟಿ ಸುರಿದೆವು ಎಂದು ಕೇಳುವ ಸಭೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಏಳಬೇಕು: ಈ ದಾರಿಯಲ್ಲಿ ಹೋದ ಒಂದು ಟನ್ನಿನ ಬೆಲೆಯಲ್ಲಿ ನಮ್ಮ ತಾಲ್ಲೂಕಿಗೆ ಉಳಿದದ್ದೆಷ್ಟು? ಆ ಅಂಕಿ ಬರೆಯುವ ಕಾಲಂ ಸದ್ಯಕ್ಕೆ ನಮ್ಮ ಯಾವ ಯೋಜನಾ ವರದಿಯ ಮೊದಲ ಪುಟದಲ್ಲೂ ಇಲ್ಲ. ಅದನ್ನು ಸೇರಿಸಲು ರಸ್ತೆ ಕಟ್ಟುವಷ್ಟು ದುಡ್ಡೇನೂ ಬೇಕಾಗಿಲ್ಲ.